ಯಥಾಪ್ರತಿಯೋ, ಪರಿಷ್ಕೃತ ಪಾಠವೋ?

ಶಿರಸಿ, ಸೋಂದಾ ಕಡೆಯ ಮನೆಯ ಅಟ್ಟದಲ್ಲಿ ಅಚ್ಚಾಗದ ವೇದಾಂತ ಗ್ರಂಥದ ಓಲೆಕಟ್ಟು ಸಿಕ್ಕರೆ, ಸಂಪಾದಕರ ಮುಂದೆ ಎರಡು ದಾರಿ: ಓಲೆಯಲ್ಲಿದ್ದುದನ್ನು ಇದ್ದ ಹಾಗೇ ಇಳಿಸುವ ಯಥಾಪ್ರತಿ, ಇಲ್ಲವೇ ಹಲವು ಪ್ರತಿ ಹೋಲಿಸಿ ಸರಿಯಾದುದನ್ನು ಆರಿಸುವ ಪರಿಷ್ಕೃತ ಪಾಠ.

ಒಂದೇ ಪ್ರತಿ, ಅದೂ ಗ್ರಂಥಕಾರರದೇ ಕೈಬರಹ ಎಂದಾದರೆ ಯಥಾಪ್ರತಿಯನ್ನೇ ಆರಿಸಿ. ಸಾಲು ಮುಗಿದಲ್ಲಿ ಗೀಟು, ಹುಳ ತಿಂದಲ್ಲಿ ಚೌಕ ಆವರಣ. ಹೊಡೆದುಹಾಕಿದ ಮಾತನ್ನೂ ಬಿಡಬಾರದು, ವಿಚಾರ ಹೊರಳಿದ್ದು ಅಲ್ಲೇ ಕಾಣುತ್ತದೆ. ಪದ ಬಿಡಿಸಲೂ ಹೋಗಬೇಡಿ. ಈ ಕಡೆ ಸಂಸ್ಕೃತ ಬರೆಯುತ್ತಿದ್ದ ತಿಗಳಾರಿ ಲಿಪಿಯ ಓಲೆಯಲ್ಲಿ ಪದಗಳ ನಡುವೆ ಜಾಗ ಇರುವುದಿಲ್ಲ. ‘ಆತ್ಮಾತತ್ತ್ವಮಸಿ’ ಎಂಬುದನ್ನು ‘ಆತ್ಮಾ ತತ್’ (ಅದೇ ನೀನು) ಎಂದು ಬಿಡಿಸಿದರೆ ಅದ್ವೈತ, ‘ಆತ್ಮಾ ಅತತ್’ (ಅದು ನೀನಲ್ಲ) ಎಂದರೆ ದ್ವೈತ. ಸೋಂದೆಯಲ್ಲಂತೂ ಎರಡೂ ಪರಂಪರೆಯ ಮಠಗಳಿವೆ! ಯಥಾಪ್ರತಿಯ ಕುಂದು, ಸಾಮಾನ್ಯ ಓದುಗರಿಗೆ ಕಷ್ಟ.

ಮೂರು-ನಾಲ್ಕು ಪ್ರತಿ ಸಿಕ್ಕರೆ ಪರಿಷ್ಕೃತ ಪಾಠ. ಕ, ಖ, ಗ ಎಂದು ಹೆಸರಿಟ್ಟು ಸಾಲುಸಾಲಾಗಿ ತಾಳೆ ನೋಡಿ, ಪಾಠಾಂತರಗಳನ್ನು (ಪ್ರತಿಯಿಂದ ಪ್ರತಿಗೆ ಬೇರೆಯಾದ ಮಾತುಗಳನ್ನು) ಅಡಿಟಿಪ್ಪಣಿಗೆ ಹಾಕಿ. ಬಹುಮತಕ್ಕೆ ಮರುಳಾಗಬೇಡಿ: ಒಂದೇ ಮೂಲದಿಂದ ನಕಲಾದ ಮೂರು ಪ್ರತಿ ಒಂದೇ ಸಾಕ್ಷಿ. ಮೂರರಲ್ಲೂ ಒಂದೇ ತಪ್ಪಿದ್ದರೆ ಆ ನಂಟು ಗೊತ್ತಾಗುತ್ತದೆ.

ಕೈ ಸಾಗಿದರೆ ಎರಡನ್ನೂ ಮಾಡಿ. ತತ್ತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಬಿಟ್ಟುಹೋದ ಸುಮಾರು 20,000 ಪುಟಗಳ ಬರಹಕ್ಕೆ ನಾರ್ವೆಯ ಬರ್ಗೆನ್‌ನಲ್ಲಿ ಸಿದ್ಧವಾದ ವಿದ್ಯುನ್ಮಾನ ಆವೃತ್ತಿ (2000) ಯಥಾಪ್ರತಿಯನ್ನೂ ಓದಲು ಸುಲಭವಾಗುವಂತೆ ತಿದ್ದಿದ ರೂಪವನ್ನೂ ಕೊಟ್ಟಿದೆ. ಯಾವುದಾದರೂ ಸರಿ, ಫೋಟೋ ಕೆಲಸ ಮಾತ್ರ ಮಳೆಗಾಲಕ್ಕೆ ಮುಂಚೆ ಮುಗಿಸಿ. ಥಂಡಿಗೆ ಓಲೆಗೆ ಬೂಸ್ಟು ಹಿಡಿಯುತ್ತದೆ.