ಸಿಎಸ್‌ಟೈಮರ್: ಲೆಕ್ಕ ಪಕ್ಕಾ, ಆದರೆ ಯಾವ ಅಂಕಿ ನಂಬಬೇಕು?

ಸಿಎಸ್‌ಟೈಮರ್ ಅಂದರೆ ರೂಬಿಕ್ಸ್ ಕ್ಯೂಬ್ ಬಿಡಿಸಲು ಎಷ್ಟು ಹೊತ್ತು ಹಿಡಿಯಿತು ಅಂತ ಅಳೆಯುವ ವೆಬ್‌ಸೈಟ್. ತೆರೆದರೆ ಮೇಲೆ ಒಂದು ಸ್ಕ್ರ್ಯಾಂಬಲ್ (ಕ್ಯೂಬ್ ಕಲಸಲು ಕೊಡುವ ತಿರುವುಗಳ ಸಾಲು), ನಡುವೆ ದೊಡ್ಡ ಸೊನ್ನೆ, ಎಡಕ್ಕೆ ಖಾಲಿ ಪಟ್ಟಿ. ದುಡ್ಡು ಕೇಳುವುದಿಲ್ಲ, ಲಾಗಿನ್ ಕೇಳುವುದಿಲ್ಲ. ಸ್ಪೇಸ್‌ಬಾರ್ ಒತ್ತಿ ಹಿಡಿದರೆ ಅಂಕಿ ಹಸಿರಾಗುತ್ತದೆ, ಬಿಟ್ಟ ಕೂಡಲೇ ಗಡಿಯಾರ ಓಡುತ್ತದೆ, ಕ್ಯೂಬ್ ಮುಗಿಸಿ ಮತ್ತೆ ಒತ್ತಿದರೆ ನಿಲ್ಲುತ್ತದೆ. ಕ್ಯೂಬ್ ಹುಚ್ಚು ಹಿಡಿದವರಲ್ಲಿ ಇದನ್ನು ಬಳಸದವರು ಕಡಿಮೆ. ಹಾಗಾಗಿ "ಬಳಸಬೇಕಾ ಬೇಡವಾ" ಅಂತ ಬರೆಯುವುದರಲ್ಲಿ ಅರ್ಥವಿಲ್ಲ. ಬಳಸಿ. ನನ್ನ ತಕರಾರು ಬೇರೆ. ಇದು ತೋರಿಸುವ ಅಂಕಿಗಳಲ್ಲಿ ಕೆಲವು ನಿಜ ಹೇಳುತ್ತವೆ, ಕೆಲವು ಮುಖಸ್ತುತಿ ಮಾಡುತ್ತವೆ. ಎರಡನ್ನೂ ಅದು ಪಕ್ಕಪಕ್ಕದಲ್ಲೇ ಇಡುತ್ತದೆ.

ನಾನು ವೃತ್ತಿಯಲ್ಲಿ ಆಡಿಟರ್. ಬೇರೆಯವರ ಲೆಕ್ಕ ಅನುಮಾನದಿಂದ ನೋಡುವುದೇ ಕೆಲಸ. ಮೂರರ ಕ್ಯೂಬನ್ನು, ಅಂದರೆ ಮಾಮೂಲು 3x3 ಕ್ಯೂಬನ್ನು, ಸುಮಾರು 25 ಸೆಕೆಂಡಿನಲ್ಲಿ ಸಾಲ್ವ್ ಮಾಡುತ್ತೇನೆ. ಸ್ಪರ್ಧೆಗಳಲ್ಲಿ ಇದು ಯಾರ ಕಣ್ಣಿಗೂ ಬೀಳದ ವೇಗ. ನನ್ನ ಹೆಸರು ಕರೆದಾಗ ಎದ್ದು ಹೋದರೆ, "ಆಂಟಿ, ಆಡುವವರು ಎಲ್ಲಿ?" ಅಂತ ಒಬ್ಬ ಪುಟ್ಟ ಹುಡುಗ ಕೇಳಿದ್ದೂ ಉಂಟು. 1982ರಲ್ಲಿ ಬುಡಾಪೆಸ್ಟ್‌ನಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಶಿಪ್ಪನ್ನು ಮಿನ್ ಥಾಯ್ ಗೆದ್ದದ್ದು 22.95 ಸೆಕೆಂಡಿನಲ್ಲಿ. ಆಗಿನ ಕಾಲದಲ್ಲಿ ಹುಟ್ಟಿ ಬೆಳೆದಿದ್ದರೆ ನಾನೂ ಒಂದು ಕೈ ನೋಡಬಹುದಿತ್ತು ಅಂತ ಸುಮ್ನೆ ಹೇಳಿಕೊಳ್ಳುತ್ತೇನೆ. 2023ರಲ್ಲಿ ಮ್ಯಾಕ್ಸ್ ಪಾರ್ಕ್ 3.13 ಸೆಕೆಂಡಿನಲ್ಲಿ ಮುಗಿಸಿದರು. ಅಷ್ಟರಲ್ಲಿ ನನ್ನ ಕ್ರಾಸ್ (ಮೊದಲ ಹಂತ, ಒಂದು ಮುಖದಲ್ಲಿ ಕೂಡಿಸುವ ಪ್ಲಸ್ ಆಕಾರ) ಮುಗಿದರೆ ಅದೇ ಪುಣ್ಯ.

ಮೊದಲು ಸ್ಕ್ರ್ಯಾಂಬಲ್ ವಿಷಯ, ಯಾಕಂದರೆ ಇದರಲ್ಲಿ ಸಿಎಸ್‌ಟೈಮರ್‌ಗೆ ಪೂರ್ತಿ ಅಂಕ. ಕೈಯಿಂದ ಮನಸ್ಸಿಗೆ ಬಂದಂತೆ ತಿರುಗಿಸಿ ಕಲಸಿದರೆ ಕ್ಯೂಬ್ ಸರಿಯಾಗಿ ಕಲಸುವುದಿಲ್ಲ. ಬೆರಳಿಗೆ ರೂಢಿಯಾದ ತಿರುವುಗಳೇ ಮತ್ತೆ ಮತ್ತೆ ಬರುತ್ತವೆ, ಕೂಡಿಕೊಂಡ ತುಂಡುಗಳು ಹಾಗೇ ಉಳಿಯುತ್ತವೆ. ಇಲ್ಲಿ ಪ್ರೋಗ್ರಾಮ್ ಮೊದಲು ಒಂದು ಸ್ಥಿತಿಯನ್ನು ಚೀಟಿ ಎತ್ತಿದಂತೆ ಆರಿಸುತ್ತದೆ. ಆಮೇಲೆ ಅಲ್ಲಿಗೆ ಹೋಗುವ ತಿರುವುಗಳನ್ನು ಲೆಕ್ಕ ಹಾಕಿ ಕೊಡುತ್ತದೆ. ಇರುವ ಸ್ಥಿತಿಗಳು ಸುಮಾರು 4.32 ಲಕ್ಷ ಕೋಟಿ ಕೋಟಿ, ಎಲ್ಲಕ್ಕೂ ಸಮಾನ ಅವಕಾಶ. ಅಧಿಕೃತ ಸ್ಪರ್ಧೆಗಳ ಸ್ಕ್ರ್ಯಾಂಬಲ್ ಕೂಡ ಇದೇ ತತ್ವದ್ದು. ಅಂದರೆ ಮನೆಯ ಪ್ರಶ್ನೆಪತ್ರಿಕೆ ಪರೀಕ್ಷೆಯದಕ್ಕಿಂತ ಸುಲಭವಾಗಿರುವುದಿಲ್ಲ. ಸ್ಕ್ರ್ಯಾಂಬಲ್ ಸುಮಾರು 20 ತಿರುವು ಇರುತ್ತದೆ. ಯಾವ ಸ್ಥಿತಿಯಿಂದಲೂ 20 ತಿರುವಿನೊಳಗೆ ಕ್ಯೂಬ್ ಬಿಡಿಸಬಹುದು ಅಂತ 2010ರಲ್ಲಿ ಸಾಬೀತಾಗಿದೆ. ನನಗೆ 60 ಬೇಕು, ಅದು ಬೇರೆ ಮಾತು.

ಈಗ ಅಂಕಿಗಳಿಗೆ ಬರೋಣ. ಎಡಗಡೆ ಪಟ್ಟಿಯಲ್ಲಿ ಪ್ರತಿ ಸಾಲ್ವ್‌ನ ಟೈಮ್ ಇರುತ್ತದೆ, ಜೊತೆಗೆ 5ರ ಆವರೇಜ್, 12ರ ಆವರೇಜ್. ಅಲ್ಲೇ 100ರದ್ದೂ ಸಿಗುತ್ತದೆ. 5ರ ಆವರೇಜ್ ಅಂದರೆ ಐದೂ ಟೈಮ್ ಕೂಡಿಸಿ ಭಾಗಿಸುವುದಲ್ಲ. ಒಳ್ಳೆಯದೊಂದು, ಕೆಟ್ಟದ್ದೊಂದು ತೆಗೆದು ಹಾಕಿ, ಉಳಿದ ಮೂರರ ಸರಾಸರಿ. ವರ್ಲ್ಡ್ ಕ್ಯೂಬ್ ಅಸೋಸಿಯೇಶನ್ ಸ್ಪರ್ಧೆಯಲ್ಲಿ ಮೂರರ ಕ್ಯೂಬಿಗೆ ಇದೇ ನಿಯಮ. ಒಂದು ಸ್ಪರ್ಧೆಯಲ್ಲಿ ನನಗೆ ಬಂದದ್ದು 24.18, 31.06, 22.40, 25.77, 23.95. ಮೂವತ್ತೊಂದು ಹೋಯಿತು, ಇಪ್ಪತ್ತೆರಡೂ ಹೋಯಿತು, ಉಳಿದದ್ದು 24.63. ಒಂದು ಸಾಲ್ವ್ ಪೂರ್ತಿ ಕೆಟ್ಟು ಡಿಎನ್‌ಎಫ್ (ಮುಗಿಸಿಲ್ಲ ಅಂತ ಲೆಕ್ಕ) ಆದರೂ ಅದನ್ನೇ ಕೆಟ್ಟದ್ದು ಅಂತ ತೆಗೆದು ಹಾಕುತ್ತಾರೆ, ಆವರೇಜ್ ಉಳಿಯುತ್ತದೆ. ಎರಡು ಆದರೆ ಮುಗಿಯಿತು.

ನಿಯಮ ಒಂದೇ, ಆದರೂ ಮನೆಯ 5ರ ಆವರೇಜ್ ಬೇರೆ, ಸ್ಪರ್ಧೆಯದು ಬೇರೆ. ಸಿಎಸ್‌ಟೈಮರ್‌ನಲ್ಲಿ ಇದು ಉರುಳುವ ಲೆಕ್ಕ. ಒಂದರಿಂದ ಐದು, ಎರಡರಿಂದ ಆರು, ಮೂರರಿಂದ ಏಳು, ಹೀಗೆ ಪ್ರತಿ ಹೊಸ ಸಾಲ್ವ್ ಜೊತೆ ಒಂದು ಹೊಸ ಆವರೇಜ್ ಹುಟ್ಟುತ್ತದೆ. 100 ಸಾಲ್ವ್ ಮಾಡಿದರೆ 96 ಆವರೇಜ್‌ಗಳು. ಅವುಗಳಲ್ಲಿ ಅತಿ ಒಳ್ಳೆಯದನ್ನು ಹೆಕ್ಕಿ "ಬೆಸ್ಟ್" ಅಂತ ತೋರಿಸುತ್ತದೆ. ಕಂಪನಿಯೊಂದು ವರ್ಷದ ಲಾಭ ಕೇಳಿದರೆ ಹಬ್ಬದ ತಿಂಗಳ ವ್ಯಾಪಾರ ತೋರಿಸಿದ ಹಾಗೆ. ಸುಳ್ಳಲ್ಲ, ಆದರೆ ಸಹಿ ಹಾಕುವುದಿಲ್ಲ. ಮೇಲಿನ ಸ್ಪರ್ಧೆಗೆ ಹೋಗುವಾಗ ನನ್ನ ಬೆಸ್ಟ್ 5 ಇದ್ದದ್ದು 21.70. ಅದೇ ವಾರದ 100ರ ಆವರೇಜ್ 24.90. ಬಂದ ಫಲಿತಾಂಶ ಯಾವುದರ ಹತ್ತಿರ ಇದೆ ನೋಡಿ.

100ರ ಆವರೇಜ್‌ನಲ್ಲಿ ಎರಡೂ ತುದಿಯಿಂದ ಐದೈದು ಟೈಮ್ ಬಿಟ್ಟು ಉಳಿದ 90ರ ಸರಾಸರಿ ತೆಗೆಯುತ್ತಾರೆ. ಅದೃಷ್ಟದ ಸಾಲ್ವ್‌ಗಳಿಗೆ ಅಲ್ಲಿ ಜಾಗ ಕಡಿಮೆ. ಸ್ಪರ್ಧೆಗೆ ಹೋಗುವವರು "ನನಗೆ ಎಷ್ಟು ಬರಬಹುದು" ಅಂತ ಅಂದಾಜು ಮಾಡಲು ಇದೊಂದನ್ನೇ ನೋಡಿದರೆ ಸಾಕು. ಸ್ಪರ್ಧೆಯಲ್ಲಿ "ಮನೆಯಲ್ಲಿ ನನಗೆ ಇದಕ್ಕಿಂತ ತುಂಬಾ ಚೆನ್ನಾಗಿ ಬರುತ್ತೆ" ಅಂತ ಅಳುಮುಖ ಮಾಡುವ ಮಕ್ಕಳನ್ನು ನೋಡಿದ್ದೇನೆ. ಅವರ ಆಟ ಕೆಟ್ಟಿರುವುದಿಲ್ಲ. ಅವರು ನೋಡಿಕೊಂಡು ಬಂದ ಅಂಕಿ ತಪ್ಪು, ಅಷ್ಟೇ.

ಇನ್ನೊಂದು ಸೋರಿಕೆ ಇನ್‌ಸ್ಪೆಕ್ಷನ್‌ನಲ್ಲಿದೆ. ಸ್ಪರ್ಧೆಯಲ್ಲಿ ಕ್ಯೂಬ್ ಮುಚ್ಚಿಟ್ಟಿರುತ್ತಾರೆ. ಮುಚ್ಚಳ ತೆಗೆದ ಮೇಲೆ ನೋಡಲು 15 ಸೆಕೆಂಡ್. ಜಡ್ಜ್ 8ಕ್ಕೆ ಒಮ್ಮೆ, 12ಕ್ಕೆ ಒಮ್ಮೆ ಕೂಗುತ್ತಾರೆ. 15 ದಾಟಿದರೆ ಪ್ಲಸ್ 2 (ಟೈಮ್‌ಗೆ 2 ಸೆಕೆಂಡ್ ದಂಡ), 17 ದಾಟಿದರೆ ಡಿಎನ್‌ಎಫ್. ಸಿಎಸ್‌ಟೈಮರ್‌ನಲ್ಲಿ ಇನ್‌ಸ್ಪೆಕ್ಷನ್ ಆನ್ ಮಾಡದಿದ್ದರೆ ಕ್ಯೂಬನ್ನು ಅರ್ಧ ನಿಮಿಷ ದಿಟ್ಟಿಸಿ, ಕ್ರಾಸ್ ಪೂರ್ತಿ ಬಾಯಿಪಾಠ ಮಾಡಿ, ಆಮೇಲೆ ಸ್ಪೇಸ್‌ಬಾರ್ ಒತ್ತಬಹುದು. ಯಾರೂ ಕೇಳುವುದಿಲ್ಲ. ಸೆಟ್ಟಿಂಗ್‌ಗೆ ಹೋಗಿ ಅದನ್ನು ಆನ್ ಮಾಡಿ, ಜೊತೆಗೆ ಧ್ವನಿ ಎಚ್ಚರಿಕೆಯನ್ನೂ ಹಾಕಿಕೊಳ್ಳಿ. 8 ಮತ್ತು 12ಕ್ಕೆ ಅದೇ ಕೂಗಿ ಹೇಳುತ್ತದೆ. ಆ ಕೂಗಿಗೆ ಬೆಚ್ಚಿ ಬೀಳುವುದು ಮನೆಯಲ್ಲೇ ಮುಗಿದರೆ ಒಳ್ಳೆಯದು ಅಲ್ವಾ?

ಮೂರನೆಯದು ಸ್ಪೇಸ್‌ಬಾರ್. ಕೀಬೋರ್ಡಿನಲ್ಲಿ ಆಡುವಾಗ ಕ್ಯೂಬ್ ಆಗಲೇ ಕೈಯಲ್ಲಿರುತ್ತದೆ, ಹೆಬ್ಬೆರಳೊಂದು ಕೀ ಒತ್ತುತ್ತದೆ. ಸ್ಪರ್ಧೆಯ ಸ್ಟ್ಯಾಕ್‌ಮ್ಯಾಟ್ ಟೈಮರ್ ಹಾಗಲ್ಲ. ಕ್ಯೂಬ್ ಮ್ಯಾಟ್ ಮೇಲೆ ಇಡಬೇಕು, ಎರಡೂ ಕೈ ಟೈಮರ್ ಮೇಲಿರಬೇಕು, ಹಸಿರು ದೀಪ ಬರಬೇಕು, ಆಮೇಲೆ ಕೈ ಎತ್ತಿ ಕ್ಯೂಬ್ ತೆಗೆದುಕೊಳ್ಳಬೇಕು. ಮುಗಿದ ಮೇಲೆ ಕ್ಯೂಬ್ ಬಿಟ್ಟು ಎರಡೂ ಅಂಗೈ ಕೆಳಮುಖವಾಗಿ ಊರಬೇಕು. ಎತ್ತಿಕೊಳ್ಳುವುದು, ಕೆಳಗಿಡುವುದು ಎರಡೂ ಟೈಮ್‌ನಲ್ಲೇ ಸೇರುತ್ತವೆ. ಗಡಿಬಿಡಿಯಲ್ಲಿ ಕೊನೆಯ ಪದರ ಒಂದು ತಿರುವು ಬಾಕಿ ಇರುವಂತೆ ಬಿಟ್ಟರೆ ಮತ್ತೆ ಪ್ಲಸ್ 2. ಇದಕ್ಕೆ ಸಿಎಸ್‌ಟೈಮರ್ ಬಳಿ ಉಪಾಯ ಇದೆ. ಸ್ಟ್ಯಾಕ್‌ಮ್ಯಾಟನ್ನು ಆಡಿಯೋ ಕೇಬಲ್‌ನಿಂದ ಕಂಪ್ಯೂಟರಿನ ಮೈಕ್ ಕಿಂಡಿಗೆ ಜೋಡಿಸಿದರೆ ಟೈಮ್ ನೇರ ಪಟ್ಟಿಗೆ ಬರುತ್ತದೆ. ನಾನು ಸ್ಪರ್ಧೆಗೆ ಮುಂಚಿನ ದಿನಗಳಲ್ಲಿ ಹೀಗೇ ಆಡುತ್ತೇನೆ, ಅದಕ್ಕೆ ಬೇರೆ ಸೆಶನ್ (ಟೈಮ್‌ಗಳ ಬೇರೆ ಪಟ್ಟಿ) ಇಟ್ಟಿದ್ದೇನೆ. ಎರಡನ್ನೂ ಬೆರೆಸಿದರೆ 100ರ ಆವರೇಜ್ ಕೂಡ ಕಲಬೆರಕೆ. ಮೊಬೈಲಿನಲ್ಲೂ ಪರದೆ ಮುಟ್ಟಿ ಆಡಬಹುದು, ಆ ಟೈಮ್‌ಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಭ್ಯಾಸದ ಸಾಧನವಾಗಿ ನನಗೆ ಅತಿ ಹೆಚ್ಚು ಉಪಯೋಗವಾದದ್ದು ಬಹಳ ಜನ ಮುಟ್ಟದ ಎರಡು ಸೌಲಭ್ಯ. ಒಂದು, ಸಾಲ್ವ್ ಅನ್ನು ಹಂತಗಳಾಗಿ ಒಡೆಯುವುದು. ಸಿಎಫ್‌ಓಪಿ ಎಂಬ ವಿಧಾನದವರಿಗೆ ನಾಲ್ಕು ಹಂತ: ಕ್ರಾಸ್, ಎಫ್‌ಟುಎಲ್ (ಮೊದಲ ಎರಡು ಪದರವನ್ನು ಜೋಡಿ ಜೋಡಿಯಾಗಿ ತುಂಬುವುದು), ಓಎಲ್‌ಎಲ್ (ಕೊನೆಯ ಪದರದ ಮೇಲ್ಮುಖವನ್ನು ಒಂದೇ ಬಣ್ಣಕ್ಕೆ ತರುವುದು), ಪಿಎಲ್‌ಎಲ್ (ಆ ಪದರದ ತುಂಡುಗಳನ್ನು ಅವುಗಳ ಜಾಗಕ್ಕೆ ಸೇರಿಸುವುದು). ಪ್ರತಿ ಹಂತ ಮುಗಿದಾಗ ಕೀ ಒತ್ತಿದರೆ ಯಾವುದಕ್ಕೆ ಎಷ್ಟು ಹೋಯಿತು ಅಂತ ಬಿಡಿಸಿ ತೋರಿಸುತ್ತದೆ. ನನ್ನ ಲೆಕ್ಕ ಹೆಚ್ಚುಕಡಿಮೆ 3, 13, 4, 4 ಅಂತ ಬಂತು. ಅಲ್ಲಿಯವರೆಗೆ ಕೊನೆಯ ಪದರದ ಆಲ್ಗರಿದಮ್‌ಗಳ (ಬಾಯಿಪಾಠ ಮಾಡುವ ತಿರುವುಗಳ ಸಾಲು) ಹಿಂದೆ ಬಿದ್ದಿದ್ದೆ. ಅರ್ಧಕ್ಕಿಂತ ಜಾಸ್ತಿ ಖರ್ಚು ಎಫ್‌ಟುಎಲ್‌ನಲ್ಲೇ ಇತ್ತು. ಅದೂ ಬೆರಳು ನಿಧಾನ ಅಂತಲ್ಲ, ಒಂದು ಜೋಡಿ ಮುಗಿಸಿ ಮುಂದಿನದನ್ನು ಹುಡುಕುತ್ತಾ ಕೂರುತ್ತಿದ್ದೆ. ಈಗ ಬೇಕಂತಲೇ ನಿಧಾನಕ್ಕೆ ತಿರುಗಿಸಿ, ಕಣ್ಣನ್ನು ಮುಂದೆ ಓಡಿಸಿ ಆಡುತ್ತೇನೆ. ಈ ಸೌಲಭ್ಯ ದಿನಾ ಬೇಡ. ನಡುವೆ ಕೈ ಬಿಟ್ಟು ಕೀ ಒತ್ತುವುದರಿಂದ ಓಟ ಕೆಡುತ್ತದೆ. ಆಗೀಗ ತಪಾಸಣೆಗೆ ಸಾಕು.

ಎರಡನೆಯದು, ಸ್ಕ್ರ್ಯಾಂಬಲ್ ಪಟ್ಟಿಯಲ್ಲಿ ಪಿಎಲ್‌ಎಲ್ ಆರಿಸಿಕೊಳ್ಳುವುದು. ಪಿಎಲ್‌ಎಲ್‌ನಲ್ಲಿ 21 ಬಗೆಗಳಿವೆ, ಎಲ್ಲವೂ ಸಮನಾಗಿ ಬರುವುದಿಲ್ಲ. ಟಿ ಪರ್ಮ್ ಅನ್ನುವ ಬಗೆ 18 ಸಾಲ್ವ್‌ಗೊಮ್ಮೆ ಬಂದರೆ, ಎನ್ ಪರ್ಮ್‌ಗಳು ಒಂದೊಂದೂ 72ಕ್ಕೊಮ್ಮೆ. ಮಾಮೂಲು ಅಭ್ಯಾಸದಲ್ಲಿ ಅದು ಮುಖ ತೋರಿಸುವುದೇ ಅಪರೂಪ, ಹಾಗಾಗಿ ಬಂದಾಗ ಕೈ ತಡವರಿಸುತ್ತದೆ. ಇಲ್ಲಿ ಬೇಕಾದ ಬಗೆಯನ್ನಷ್ಟೇ ಆರಿಸಿ ಒಂದೇ ಸಮನೆ ತಿಕ್ಕಬಹುದು. ಓಎಲ್‌ಎಲ್‌ನ 57ಕ್ಕೂ ಇದೇ ವ್ಯವಸ್ಥೆ ಇದೆ. ನಾನಿನ್ನೂ ಎರಡು ನೋಟದ ಓಎಲ್‌ಎಲ್‌ನಲ್ಲಿದ್ದೇನೆ (ಒಂದೇ ಸಲಕ್ಕೆ ಮುಗಿಸುವ ಬದಲು ಎರಡು ಸಲ ನೋಡಿ ಮಾಡುವುದು), 10 ಆಲ್ಗರಿದಮ್ ಸಾಕು. ನಾಚಿಕೆ ಏನೂ ಇಲ್ಲ.

ಕೊರತೆ? ನೋಟ ಚೆನ್ನಾಗಿಲ್ಲ. ಹೊಸಬರು ಸೆಟ್ಟಿಂಗ್ ತೆರೆದರೆ ಗಾಬರಿಯಾಗುವಷ್ಟು ಆಯ್ಕೆಗಳು ಒಂದರ ಮೇಲೊಂದು ಇವೆ, ಮೊಬೈಲಿನಲ್ಲಿ ಅಕ್ಷರ ಸಣ್ಣ. ಅಲ್ಲಿ ಹುಡುಕಲೇಬೇಕಾದ ಮತ್ತೊಂದು ಆಯ್ಕೆ ಎಂದರೆ ಓಡುವ ಅಂಕಿಯನ್ನು ಮರೆಮಾಡುವುದು. ಕಣ್ಣ ಮೂಲೆಯಲ್ಲಿ 20 ದಾಟಿದ್ದು ಕಂಡ ಕೂಡಲೇ ನನ್ನ ಪಿಎಲ್‌ಎಲ್ ಹಳ್ಳ ಹಿಡಿಯುತ್ತಿತ್ತು. ಮರೆಮಾಡಿದ ಮೇಲೆ ಆ ಕಾಟ ಇಲ್ಲ.

ಟೈಮ್‌ಗಳೆಲ್ಲ ನಿಮ್ಮ ಬ್ರೌಸರಿನಲ್ಲೇ ಉಳಿಯುತ್ತವೆ ಅನ್ನುವುದು ಗೊತ್ತಿರಲಿ. ಬ್ರೌಸರಿನ ಡೇಟಾ ಅಳಿಸಿದರೆ ಅವೂ ಹೋಗುತ್ತವೆ, ಕಂಪ್ಯೂಟರ್ ಬದಲಿಸಿದರೆ ತಾವಾಗಿ ಹಿಂದೆ ಬರುವುದಿಲ್ಲ. ಎಕ್ಸ್‌ಪೋರ್ಟ್ ಗುಂಡಿ ಒತ್ತಿ ಫೈಲ್ ಇಳಿಸಿಕೊಳ್ಳುವುದು ಅರ್ಧ ನಿಮಿಷದ ಕೆಲಸ. ನಾನು ತಿಂಗಳ ಕೊನೆಗೆ ಇಳಿಸಿಕೊಳ್ಳುತ್ತೇನೆ, ಆಫೀಸಿನ ಲೆಕ್ಕಪತ್ರ ಮುಗಿಸುವ ದಿನವೇ.