ಟಿಪ್ಪಣಿ ತಂತ್ರಾಂಶ ಆರಿಸುವ ಮುನ್ನ ಹೊರಬರುವ ದಾರಿಯನ್ನು ಪರೀಕ್ಷಿಸಿ

ಲಿನಕ್ಸ್‌ನಲ್ಲಿ ಓದಿನ ಟಿಪ್ಪಣಿಗಳನ್ನೂ ಸಂಶೋಧನೆಯ ಸಾಮಗ್ರಿಯನ್ನೂ ಒಪ್ಪವಾಗಿ ಇಟ್ಟುಕೊಳ್ಳಲು ತಂತ್ರಾಂಶ ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾಲ್ಕು ವರ್ಷ ಒಂದೇ ತಂತ್ರಾಂಶದಲ್ಲಿ ಸುಮಾರು 2,300 ಟಿಪ್ಪಣಿಗಳನ್ನು ಕೂಡಿಟ್ಟಿದ್ದೆ. ಅವುಗಳಲ್ಲಿ ಕೊನೆಯ 23 ದಿನಗಳ ಬರಹ ಪೂರ್ತಿಯಾಗಿ ಹೋಯಿತು. ಉಳಿದವುಗಳನ್ನು ಹೊರತೆಗೆಯುವಾಗ ಅವುಗಳ ನಡುವಿನ ಕೊಂಡಿಗಳು ಕಳಚಿಹೋದವು. ಆ ತಂತ್ರಾಂಶದ ಹೆಸರು ಹೇಳುವುದಿಲ್ಲ. ಇಂಥ ಕೊರತೆಗಳು ಬೇರೆ ತಂತ್ರಾಂಶಗಳಲ್ಲೂ ಇರಬಹುದು, ನಷ್ಟದಲ್ಲಿ ನನ್ನ ತಪ್ಪಿನ ಪಾಲೂ ಇದೆ.

ಆರಿಸುವಾಗ ನಾನು ನೋಡಿದ್ದು ಹೆಚ್ಚಿನವರು ನೋಡುವ ಸೌಲಭ್ಯಗಳನ್ನೇ: ಟ್ಯಾಗ್ ಹಾಕಬಹುದೇ, ಒಂದು ಟಿಪ್ಪಣಿಯಿಂದ ಇನ್ನೊಂದಕ್ಕೆ ಕೊಂಡಿ ಕೊಡಬಹುದೇ, ಪಿಡಿಎಫ್ ಸೇರಿಸಬಹುದೇ ಎಂಬವು. ಅದು ಮುಕ್ತ ತಂತ್ರಾಂಶವಾಗಿತ್ತು, ಹಾಗಾಗಿ ನನ್ನ ಬರಹವೂ ಸುರಕ್ಷಿತ ಎಂದು ನಂಬಿದೆ. ಈ ನಂಬಿಕೆ ತಪ್ಪು. ಮುಕ್ತ ಪರವಾನಗಿ ತಂತ್ರಾಂಶದ ಆಕರ ಸಂಕೇತವನ್ನು ಓದುವ, ತಿದ್ದುವ ಹಕ್ಕನ್ನು ಕೊಡುತ್ತದೆಯೇ ಹೊರತು, ಅದರೊಳಗೆ ನಾವು ಬರೆದದ್ದು ಇನ್ನೊಂದು ತಂತ್ರಾಂಶಕ್ಕೂ ಅರ್ಥವಾಗುತ್ತದೆ ಎಂಬ ಭರವಸೆಯನ್ನು ಕೊಡುವುದಿಲ್ಲ.

ನನ್ನ ಟಿಪ್ಪಣಿಗಳೆಲ್ಲ ಒಂದೇ ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ, ಅಂದರೆ ಮಾಹಿತಿಯನ್ನೆಲ್ಲ ಒಂದೇ ಮುಖ್ಯ ಕಡತದಲ್ಲಿ ಇಡುವ ವ್ಯವಸ್ಥೆಯಲ್ಲಿ, ಇದ್ದವು. ಎಸ್‌ಕ್ಯೂಲೈಟ್ ಬಗ್ಗೆ ನನಗೆ ದೂರಿಲ್ಲ. ಅದು ಬಹಳ ನಂಬಿಕಸ್ಥ ವ್ಯವಸ್ಥೆ, ಅದರ ಕಡತದ ರಚನೆಯೂ ಬಹಿರಂಗವಾಗಿದೆ. ಆದರೆ 2010ರಲ್ಲಿ ಅದಕ್ಕೆ ಸೇರಿದ ‘ವಾಲ್’ (WAL) ಎಂಬ ವಿಧಾನದಲ್ಲಿ ಹೊಸ ಬರಹ ನೇರವಾಗಿ ಮುಖ್ಯ ಕಡತಕ್ಕೆ ಹೋಗುವುದಿಲ್ಲ. ಮೊದಲು ಅದೇ ಫೋಲ್ಡರಿನ ಇನ್ನೊಂದು ಕಡತದಲ್ಲಿ ಸೇರಿ, ಅದು ಸಾಮಾನ್ಯವಾಗಿ ಡೇಟಾಬೇಸಿನ 1,000 ‘ಪುಟ’ಗಳಷ್ಟಾದಾಗ (ಪುಟವೆಂದರೆ ಇಲ್ಲಿ ಕಡತದ ಒಂದು ತುಣುಕು) ಅಥವಾ ತಂತ್ರಾಂಶವನ್ನು ಸರಿಯಾಗಿ ಮುಚ್ಚಿದಾಗ ಮುಖ್ಯ ಕಡತಕ್ಕೆ ವರ್ಗವಾಗುತ್ತದೆ. ತಂತ್ರಾಂಶವು ಡೇಟಾಬೇಸನ್ನು ಓದುವ ಕೆಲಸವೊಂದನ್ನು ಮುಗಿಸದೆ ತೆರೆದೇ ಇಟ್ಟುಕೊಂಡರೆ ಈ ವರ್ಗಾವಣೆ ತಡೆದು ನಿಲ್ಲುತ್ತದೆ, ಪಕ್ಕದ ಕಡತ ಬೆಳೆಯುತ್ತಲೇ ಹೋಗುತ್ತದೆ. ನನಗೆ ಆದದ್ದು ಇದೇ. ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ಮಲಗಿಸುವುದು, ಮತ್ತೆ ತೆರೆದು ಬರೆಯುವುದು ನನ್ನ ಅಭ್ಯಾಸವಾಗಿದ್ದರಿಂದ ವಾರಗಟ್ಟಲೆ ತಂತ್ರಾಂಶವನ್ನು ಮುಚ್ಚಿರಲಿಲ್ಲ. ಪ್ರತಿ ರಾತ್ರಿ ಓಡುವಂತೆ ನಾನೇ ಬರೆದಿಟ್ಟ ಬ್ಯಾಕಪ್ ಸ್ಕ್ರಿಪ್ಟ್ ಮುಖ್ಯ ಕಡತವೊಂದನ್ನೇ ನಕಲು ಮಾಡುತ್ತಿತ್ತು.

ಒಂದು ದಿನ ಎಸ್‌ಎಸ್‌ಡಿ ಕೆಟ್ಟಿತು. ಹೊಸ ಡಿಸ್ಕ್ ಹಾಕಿ, ಹಿಂದಿನ ರಾತ್ರಿಯ ಬ್ಯಾಕಪ್ಪನ್ನು ಮರಳಿಸಿ ತಂತ್ರಾಂಶ ತೆರೆದೆ. ಯಾವ ದೋಷ ಸಂದೇಶವೂ ಬರಲಿಲ್ಲ. ಡೇಟಾಬೇಸಿನ ಸಮಗ್ರತೆಯನ್ನು ಪರೀಕ್ಷಿಸುವ ಆದೇಶ ಕೊಟ್ಟರೆ ಎಲ್ಲವೂ ಸರಿಯಿದೆ ಎಂದೇ ಉತ್ತರ ಬಂತು. ಎರಡು ದಿನ ಬಿಟ್ಟು ಒಂದು ಉಲ್ಲೇಖವನ್ನು ಹುಡುಕುವಾಗಲಷ್ಟೇ 23 ದಿನಗಳ ಬರಹ ಅಲ್ಲಿಲ್ಲವೆಂದು ತಿಳಿಯಿತು. ದೋಷವಿರುವ ಬ್ಯಾಕಪ್ಪಿಗಿಂತ ದೋಷ ಕಾಣಿಸದ ಬ್ಯಾಕಪ್ಪು ಹೆಚ್ಚು ಅಪಾಯಕಾರಿ ಎಂದು ನನಗೆ ಅನುಭವದಿಂದ ಅರಿವಾಗಬೇಕಾಯಿತು. ತೆರೆದಿರುವ ಎಸ್‌ಕ್ಯೂಲೈಟ್ ಡೇಟಾಬೇಸನ್ನು ಮಾಮೂಲಿ ಕಡತದಂತೆ ನಕಲು ಮಾಡಬಾರದು; ಅದಕ್ಕಾಗಿ ಎಸ್‌ಕ್ಯೂಲೈಟ್‌ನಲ್ಲೇ ಬ್ಯಾಕಪ್ ಆದೇಶವಿದೆ. ಅದು ಕಷ್ಟವೆನಿಸಿದರೆ ತಂತ್ರಾಂಶವನ್ನು ಮುಚ್ಚಿ ಫೋಲ್ಡರನ್ನು ಇಡಿಯಾಗಿ ನಕಲು ಮಾಡಬೇಕು.

ಇಷ್ಟಾದ ಮೇಲೆ ಬೇರೆ ಕಡೆಗೆ ಹೋಗಲು ನಿರ್ಧರಿಸಿ, ಎಲ್ಲ ಟಿಪ್ಪಣಿಗಳನ್ನೂ ಮಾರ್ಕ್‌ಡೌನ್ ಎಂಬ ಸರಳ ಪಠ್ಯದ ರೂಪದಲ್ಲಿ ರಫ್ತು ಮಾಡಿದೆ. ಆ ಸೌಲಭ್ಯ ಇದೆಯೆಂದು ಮೊದಲ ದಿನವೇ ನೋಡಿಕೊಂಡಿದ್ದೆ, ಆದರೆ ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಬಳಸಿ ನೋಡಿರಲಿಲ್ಲ. 2,300ರಷ್ಟಿದ್ದ ಟಿಪ್ಪಣಿಗಳು 2,140 ಕಡತಗಳಾಗಿ ಹೊರಬಂದವು. ಕಾರಣ ಹುಡುಕಿದಾಗ ಕನ್ನಡದಲ್ಲಿ ಬರೆಯುವವರೆಲ್ಲ ತಿಳಿದಿರಬೇಕಾದ ಸಂಗತಿಯೊಂದು ಗೊತ್ತಾಯಿತು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಎಕ್ಸ್ಟ್4 ಕಡತ ವ್ಯವಸ್ಥೆಯಲ್ಲಿ ಒಂದು ಕಡತದ ಹೆಸರು 255 ಬೈಟ್ ಮೀರುವಂತಿಲ್ಲ. ಗಣಕದಲ್ಲಿ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ (ಮೂಲಾಕ್ಷರ, ಸ್ವರಚಿಹ್ನೆ ಇತ್ಯಾದಿ ಒಂದೊಂದಕ್ಕೂ) 3 ಬೈಟ್ ಬೇಕು, ಅಂದರೆ 85 ಸಂಕೇತಗಳಿಗಷ್ಟೇ ಜಾಗ. ಗುಣಿತಾಕ್ಷರ, ಒತ್ತಕ್ಷರಗಳಲ್ಲಿ ಎರಡು ಮೂರು ಸಂಕೇತಗಳಿರುವುದರಿಂದ ಮೂವತ್ತು ನಲವತ್ತು ಅಕ್ಷರಗಳಿಗೇ ಮಿತಿ ಮುಟ್ಟಿಬಿಡುತ್ತದೆ. ನಾನು ಲೇಖನದ ಪೂರ್ತಿ ಹೆಸರನ್ನೇ ಶೀರ್ಷಿಕೆಯಾಗಿ ಕೊಡುತ್ತಿದ್ದೆ. ತಂತ್ರಾಂಶ ಅವನ್ನು ಮೊಟಕುಗೊಳಿಸಿತು, ಮೊಟಕಾದ ಬಳಿಕ ಒಂದೇ ರೀತಿ ಕಂಡ ಹೆಸರುಗಳಲ್ಲಿ ಒಂದರ ಮೇಲೊಂದನ್ನು ಬರೆದುಬಿಟ್ಟಿತು.

ಉಳಿದ ಕಡತಗಳಲ್ಲಿ ಕೊಂಡಿಗಳಿದ್ದ ಜಾಗದಲ್ಲಿ ತಂತ್ರಾಂಶಕ್ಕೆ ಮಾತ್ರ ತಿಳಿಯುವ ಗುರುತು ಸಂಖ್ಯೆಗಳಿದ್ದವು. ಬರೆದ ದಿನಾಂಕಗಳೆಲ್ಲ ರಫ್ತು ಮಾಡಿದ ದಿನಕ್ಕೆ ಬದಲಾಗಿದ್ದವು. ನನಗೆ ಎಲ್ಲಕ್ಕಿಂತ ನೋವಾದದ್ದು ಬೇರೆ: ಆಕರದ ಪುಟಸಂಖ್ಯೆಗಾಗಿ ಮಾಡಿಕೊಂಡಿದ್ದ ಪ್ರತ್ಯೇಕ ಅಂಕಣ ರಫ್ತಿನಲ್ಲಿ ಬರಲೇ ಇಲ್ಲ. ಪುಟಸಂಖ್ಯೆಯಿಲ್ಲದ ಉಲ್ಲೇಖ ಸಂಶೋಧನೆಗೆ ಉಪಯೋಗಕ್ಕೆ ಬರುವುದಿಲ್ಲ.

ಹುಡುಕಾಟದ ವಿಷಯವನ್ನೂ ಹೇಳಬೇಕು. ಎಸ್‌ಕ್ಯೂಲೈಟ್‌ನ ಪಠ್ಯ ಹುಡುಕಾಟದ ಭಾಗವು ಪೂರ್ವನಿಯೋಜಿತ ವ್ಯವಸ್ಥೆಯಲ್ಲಿ ಕನ್ನಡದ ಸ್ವರಚಿಹ್ನೆಗಳನ್ನು ಪದದ ಭಾಗವೆಂದು ಎಣಿಸುವುದಿಲ್ಲ. ಆದ್ದರಿಂದ ‘ಕಾಡು’ ಎಂದು ಹುಡುಕಿದರೆ ‘ಕೇಡು’, ‘ಕೋಡಿ’ ಇರುವ ಟಿಪ್ಪಣಿಗಳೂ ಬರುತ್ತಿದ್ದವು. ವರ್ಷಗಟ್ಟಲೆ ಇದನ್ನು ಸಹಿಸಿಕೊಂಡೆ, ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಈಗ ಆರಿಸುವವರು ಮೊದಲು ಟಿಪ್ಪಣಿಗಳು ಡಿಸ್ಕಿನ ಮೇಲೆ ಯಾವ ರೂಪದಲ್ಲಿ ಕೂರುತ್ತವೆ ಎಂಬುದನ್ನು ನೋಡಲಿ. ಜಿಮ್ ಎಂಬ ಟಿಪ್ಪಣಿ ತಂತ್ರಾಂಶ ಪ್ರತಿ ಪುಟವನ್ನೂ ಒಂದು ಪಠ್ಯ ಕಡತವಾಗಿ ಇಡುತ್ತದೆ. ಇಮ್ಯಾಕ್ಸ್‌ನ (ಒಂದು ಪಠ್ಯ ಸಂಪಾದಕ) ಆರ್ಗ್ ಮೋಡ್ 2003ರಿಂದ ಇದೆ, ಅದರದ್ದೂ ಬರಿಯ ಪಠ್ಯವೇ. ಅಬ್ಸಿಡಿಯನ್ ಮುಕ್ತ ತಂತ್ರಾಂಶವಲ್ಲ, ಆದರೂ ಟಿಪ್ಪಣಿಗಳನ್ನು ಮಾರ್ಕ್‌ಡೌನ್ ಕಡತಗಳಾಗಿಯೇ ಉಳಿಸುತ್ತದೆ. ಜಾಪ್ಲಿನ್ ಮುಕ್ತವಾದರೂ ಡೇಟಾಬೇಸಿನಲ್ಲಿ ಇಡುತ್ತದೆ. ಗ್ರಂಥಸೂಚಿಗೆ ಜೊಟೆರೊ ಬಳಸುವವರು ಅದರ ಡೇಟಾ ಫೋಲ್ಡರನ್ನು ಕ್ಲೌಡ್ ಸಿಂಕ್ ಫೋಲ್ಡರಿನೊಳಗೆ ಇಡಬಾರದು, ಅದರ ಕೈಪಿಡಿಯೇ ಹಾಗೆ ಎಚ್ಚರಿಸುತ್ತದೆ. ಫ್ಲ್ಯಾಟ್‌ಪ್ಯಾಕ್ ಎಂಬ ತಂತ್ರಾಂಶ ಅಳವಡಿಕೆಯ ವ್ಯವಸ್ಥೆಯ ಮೂಲಕ ಹಾಕಿಕೊಂಡ ತಂತ್ರಾಂಶಗಳ ಡೇಟಾ ಸಾಮಾನ್ಯವಾಗಿ ಹೋಮ್ ಫೋಲ್ಡರಿನ ‘.var’ ಎಂಬ ಅಡಗಿದ ಫೋಲ್ಡರಿನಲ್ಲಿರುತ್ತದೆ. ನಿಮ್ಮ ಬ್ಯಾಕಪ್ ಅದನ್ನು ಮುಟ್ಟುತ್ತಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ.

ಯಾವುದನ್ನೇ ಆರಿಸುವ ಮುನ್ನ ಇಪ್ಪತ್ತು ಟಿಪ್ಪಣಿಗಳನ್ನು ಬರೆದು ನೋಡಿ. ಉದ್ದದ ಕನ್ನಡ ಶೀರ್ಷಿಕೆ, ಒಂದೇ ಹೆಸರಿನ ಎರಡು ಟಿಪ್ಪಣಿ, ಹೆಸರಿನ ನಡುವೆ ಓರೆಗೆರೆ (/), ಕೊಂಡಿ, ಟ್ಯಾಗ್, ಒಂದು ಪಿಡಿಎಫ್ ಎಲ್ಲವೂ ಅವುಗಳಲ್ಲಿರಲಿ. ರಫ್ತು ಮಾಡಿ, ಇನ್ನೊಂದು ತಂತ್ರಾಂಶದಲ್ಲಿ ತೆರೆದು ಎಣಿಸಿ. ಬ್ಯಾಕಪ್ಪನ್ನು ಬೇರೊಂದು ಗಣಕದಲ್ಲಿ ಮರಳಿಸಿ, ಅಂದು ಬರೆದ ಕೊನೆಯ ಸಾಲು ಅಲ್ಲಿದೆಯೇ ಎಂದು ನೋಡಿ. ಇದಕ್ಕೆ ಒಂದು ಮಧ್ಯಾಹ್ನ ಸಾಕು. ನಾನು ಆ ಮಧ್ಯಾಹ್ನವನ್ನು ಕೊಡದಿದ್ದುದರಿಂದ, ಬಿಟ್ಟುಹೋದ ಪುಟಸಂಖ್ಯೆಗಳಿಗಾಗಿ ಓದಿದ ಪುಸ್ತಕಗಳನ್ನೇ ಮತ್ತೆ ತಿರುವಿಹಾಕುತ್ತಿದ್ದೇನೆ; ಐದು ತಿಂಗಳಾದರೂ ಅರ್ಧದಷ್ಟು ಇನ್ನೂ ಸಿಕ್ಕಿಲ್ಲ.