ಸಿಮೆಂಟ್ ಅಂಗಳ ಒಡೆಸಿ ಹುಲ್ಲಿನ ಬ್ಲಾಕ್ ಹಾಕಿಸಿದ ಅನುಭವ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಮುಂದಿನ ಸುಮಾರು 400 ಚದರ ಅಡಿಯ ಸಿಮೆಂಟ್ ನೆಲವನ್ನು ಕಳೆದ ಮೇ ತಿಂಗಳಲ್ಲಿ ಒಡೆಸಿ, ತೂತುಗಳಲ್ಲಿ ಹುಲ್ಲು ಬೆಳೆಯುವಂತಹ ಕಾಂಕ್ರೀಟ್ ಬ್ಲಾಕ್‌ಗಳನ್ನು ಹಾಕಿಸಿದೆವು. ಒಂದು ಮಳೆಗಾಲ ಪೂರ್ತಿ ನೋಡಿದ ಮೇಲೆ, ಬ್ಲಾಕ್‌ಗಳ ಬಗ್ಗೆ ನನಗೆ ಪೂರ್ಣ ತೃಪ್ತಿಯಿದೆ. ಹಾಕಿದವರ ಕೆಲಸದ ಬಗ್ಗೆ ಅಷ್ಟಿಲ್ಲ.

ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಸುರಿದರೆ ಒಂದು ಲೀಟರ್ ನೀರು. ಹಾಗಾಗಿ 30 ಮಿ.ಮೀ. ಮಳೆಗೆ ನಮ್ಮ ಅಂಗಳದಲ್ಲೇ ಸುಮಾರು 1,100 ಲೀಟರ್ ಬೀಳುತ್ತದೆ. ಸಿಮೆಂಟ್ ನೆಲವಿದ್ದಾಗ ಅದರಲ್ಲಿ ಬಹುಪಾಲು ಸ್ಕೂಟರಿನ ಎಣ್ಣೆ, ಟೈರಿನ ಪುಡಿ, ಗಿಡಗಳ ಗೊಬ್ಬರ ಎಲ್ಲವನ್ನೂ ಹೊತ್ತು ಮಳೆನೀರಿನ ಚರಂಡಿಗೆ ಸೇರುತ್ತಿತ್ತು. ಇಂತಹ ನೀರು ಶುದ್ಧಗೊಳ್ಳದೆಯೇ ತಗ್ಗಿನ ಕೆರೆಗಳಿಗೆ ಇಳಿಯುತ್ತದೆ, ಗೊಬ್ಬರದ ರಂಜಕ, ಸಾರಜನಕಗಳಿಂದ ಅಲ್ಲಿ ಪಾಚಿ ಹಬ್ಬುತ್ತದೆ. ನೆಲ ಒಡೆಸುವ ಮೊದಲು ಏಪ್ರಿಲ್ ಮಳೆಯಲ್ಲಿ ಗೇಟಿನ ಬಳಿ ಹರಿದ ಮೊದಲ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದಿಟ್ಟಿದ್ದೆ: ಮೇಲೆ ಎಣ್ಣೆಯ ಬಣ್ಣಬಣ್ಣದ ಪೊರೆ, ತಳದಲ್ಲಿ ಬೆರಳುದಪ್ಪ ಕಪ್ಪು ಮಡ್ಡಿ. ಅಕ್ಟೋಬರ್‌ನ ಜೋರು ಮಳೆಯಲ್ಲಿ ಅದೇ ಜಾಗದಲ್ಲಿ ಬಾಟಲಿ ತುಂಬಲು ಅರ್ಧ ಗಂಟೆ ಕಾಯಬೇಕಾಯಿತು. ತಳದಲ್ಲಿ ನಿಂತದ್ದು ಗೆರೆಯಷ್ಟು ಮಣ್ಣು ಮಾತ್ರ.

ಆದರೆ ಮೊದಲ ಸಲ ಕೆಲಸದವರು ಜಲ್ಲಿಯನ್ನೇ ಹಾಕದೆ, ಮಣ್ಣನ್ನು ದಮ್ಮಸ್ಸು ಮಾಡಿ ಅದರ ಮೇಲೆಯೇ ಬ್ಲಾಕ್ ಕೂರಿಸಿದ್ದರು. ಜೂನ್‌ನಲ್ಲಿ ಎರಡು ದಿನ ನೀರು ಇಂಗದೆ ನಿಂತಿತು. ಎಲ್ಲವನ್ನೂ ಕೀಳಿಸಿ, ಆರು ಇಂಚು 20 ಮಿ.ಮೀ. ಜಲ್ಲಿ, ಅದರ ಮೇಲೆ ಎರಡು ಇಂಚು ಪುಡಿಯಿಲ್ಲದ ಸಣ್ಣ ಜಲ್ಲಿ ಹಾಕಿಸಿದ ಮೇಲಷ್ಟೇ ನೀರು ಇಂಗತೊಡಗಿತು. ಕೆಲಸ ಒಪ್ಪಿಸುವಾಗ ಕೆಳಗಿನ ಪದರವನ್ನು ಕಣ್ಣಾರೆ ನೋಡಿಯೇ ಮುಂದುವರಿಯಲು ಹೇಳಿ ಎಂದು ಒತ್ತಿ ಹೇಳುತ್ತೇನೆ.

ಕಾಂಪೌಂಡಿನ ಬದಿಯ ಬರಿಮಣ್ಣಿನ ಪಟ್ಟಿಯೂ ನನಗೊಂದು ಪಾಠವಾಯಿತು. ಸಿಮೆಂಟ್ ಇಲ್ಲದಿದ್ದರೆ ಸಾಕು ಎಂದುಕೊಂಡಿದ್ದೆ. ಮಳೆಹನಿಯ ಹೊಡೆತಕ್ಕೆ ಮಣ್ಣಿನ ಮೇಲ್ಪದರ ಮುಚ್ಚಿಕೊಂಡು, ಕೆಂಪು ನೀರು ಗೇಟಿನವರೆಗೆ ಹರಿಯಿತು. ತರಗೆಲೆ ಹೊದಿಸಿ, ನೆರಳಿನಲ್ಲಿ ಒಂದೆಲಗ ನೆಟ್ಟ ಮೇಲೆ ಆ ಹರಿವು ನಿಂತಿದೆ, ಚಟ್ನಿಗೂ ಸೊಪ್ಪು ಸಿಗುತ್ತಿದೆ. ಕಾರು ನಿಲ್ಲುವಲ್ಲಿ ಮಾತ್ರ ಬಿಸಿಲಿಲ್ಲದೆ ಗರಿಕೆ ಒಣಗಿತು. ಆ ತೂತುಗಳಿಗೆ ಸಣ್ಣ ಜಲ್ಲಿ ತುಂಬಿದ್ದೇವೆ, ಅಲ್ಲಿಯೂ ನೀರು ನಿಲ್ಲುತ್ತಿಲ್ಲ.